ಟರ್ಕಿಶ್‌ನಲ್ಲಿ "ಎವಿನ್‌ದೆ" ಅಂದ್ರೆ ನಿನ್ನ ಮನೇಲಾ, ಅವನ ಮನೇಲಾ?

ಎರಡೂ ಸರಿ, ಎರಡೂ ಅರ್ಥ ಕೊಟ್ಟಿರೋ ನಿಮ್ಮ ಪುಸ್ತಕದಲ್ಲಿ ತಪ್ಪಿಲ್ಲ. ಎವ್ ಅಂದ್ರೆ ಮನೆ, ಎವಿನ್ ನಿನ್ನ ಮನೆ, ಎವಿ ಅವನ ಮನೆ (ಅವಳದ್ದೂ ಅದೇ, ಅಲ್ಲಿ ಲಿಂಗಭೇದ ಇಲ್ಲ), ಇದಕ್ಕೆ ನಮ್ಮ "ಅಲ್ಲಿ" ಕೆಲಸ ಮಾಡೋ ದೆ ಸೇರ್ಸಿದ್ರೆ ಮೊದಲನೇದು ಎವಿನ್‌ದೆ ಆಗೋದು ಸರಿ, ಎರಡನೇದು ಎವಿದೆ ಆಗ್ಬೇಕಿತ್ತು, ಮಧ್ಯ ನ್ ಯಾಕೆ ಬಂತು ಅನ್ನೋದೇ ನಿಮ್ಮ ಪ್ರಶ್ನೆ.

ತುಂಬಾ ಕಡೆ ಇದನ್ನ ಎರಡು ಸ್ವರದ ನಡುವೆ ಬರೋ ಅಕ್ಷರ ಅಂತ ಹೇಳ್ಕೊಡ್ತಾರೆ, ನಮ್ಮ "ಮನೆಯಲ್ಲಿ"ಯಲ್ಲಿ ಯ ಬರೋ ಹಾಗೆ. ನಾನು ಅದನ್ನ ಒಪ್ಪಲ್ಲ, ದೆ ಶುರುವಾಗೋದೇ ವ್ಯಂಜನದಿಂದ, ಅಲ್ಲಿ ಸ್ವರಕ್ಕೆ ಸ್ವರ ಎಲ್ಲಿ ಸಿಗ್ತು? ಈ ನ್ ಹಳೇದು, ಪ್ರಥಮ ಪುರುಷಕ್ಕೇ (ಅವನು, ಅವಳು, ಅದು) ಅಂಟ್ಕೊಂಡಿರೋದು. ಸರ್ವನಾಮ ನೋಡಿ, ಒ (ಅವನು, ಅದು) ಇದ್ದದ್ದು ಒನ್‌ದ ಆಗುತ್ತೆ (ಆ ದೆನೇ ಇಲ್ಲಿ ದ), ಬು (ಇದು) ಇದ್ದದ್ದು ಬುನ್‌ದ ಆಗುತ್ತೆ, ಅದೇ ನ್. ಯಾರ ಒಡೆತನವೂ ಇಲ್ಲದ ಜೋಡಿಪದದಲ್ಲೂ ಬಿಡಲ್ಲ, ಇಸ್ತಾನ್‌ಬುಲ್ ಉನಿವೆರ್ಸಿತೆಸಿ ಅಂತಿರೋದು "ಯುನಿವರ್ಸಿಟೀಲಿ" ಅನ್ನೋವಾಗ ಉನಿವೆರ್ಸಿತೆಸಿನ್‌ದೆ.

ಹಾಗಾದ್ರೆ ಎರಡೂ ಒಂದೇ ಆಗಿದ್ದು ಹೇಗೆ? ನನಗೆ ತುಂಬಾ ಇಷ್ಟ ಆಗೋ ಭಾಗ ಇದು. "ನಿನ್ನ" ಪ್ರತ್ಯಯದಲ್ಲಿ ಮೊದಲು ಇದ್ದಿದ್ದು ನ್ ಅಲ್ಲ, ನಮ್ಮ ಙ್ ಧ್ವನಿ. ಟರ್ಕಿಶ್ ಬಳಗದ ಕಜಕ್ ಭಾಷೇಲಿ ಇವತ್ತಿಗೂ ಉಯಿಙ್‌ದೆ ನಿನ್ನ ಮನೇಲಿ, ಉಯಿನ್‌ದೆ ಅವನ ಮನೇಲಿ, ಗೊಂದಲವೇ ಇಲ್ಲ. ಅದೇ ಬಳಗದ ಉಜ್ಬೆಕ್ ಇನ್ನೊಂದು ದಾರಿ ಹಿಡೀತು, ಅವನ ಮನೆ ಕಡೆಯ ನ್ ಬಿಟ್ಟು ಉಯಿದ ಅಂದ್ಬಿಡ್ತು. ಇಸ್ತಾನ್‌ಬುಲ್ ಟರ್ಕಿಶ್‌ನಲ್ಲೋ (ಪುಸ್ತಕದ ಟರ್ಕಿಶ್ ಇದೇ) ಙ್ ಹೋಗಿ ನ್ ಆಯ್ತು. ಅರಬ್ಬೀ ಲಿಪೀಲಿ ಬರೀತಿದ್ದಾಗ ಈ ಎರಡಕ್ಕೂ ಬೇರೆ ಬೇರೆ ಅಕ್ಷರ ಇತ್ತು, ಕಣ್ಣಿಗಾದ್ರೂ ವ್ಯತ್ಯಾಸ ಕಾಣ್ತಿತ್ತು, 1928ರಲ್ಲಿ ಲ್ಯಾಟಿನ್ ಲಿಪಿ ಬಂದಾಗ ಉಚ್ಚಾರಕ್ಕೆ ತಕ್ಕ ಹಾಗೆ ಎರಡನ್ನೂ ನ್ ಅಂತಲೇ ಬರೆದ್ರು. ಟರ್ಕಿಯ ಅನಾತೋಲಿಯಾ ಭಾಗದ ಎಷ್ಟೋ ಹಳ್ಳಿ ಮಾತಲ್ಲಿ ಙ್ ಇನ್ನೂ ಇದೆ.

ಗೊಂದಲ ಆಗೋ ಕಡೆ ಅವರು ಮುಂದೆ ಸೆನಿನ್ (ನಿನ್ನ) ಅಥವಾ ಒನುನ್ (ಅವನ) ಸೇರಿಸ್ತಾರೆ, ನೀವೂ ಹಾಗೇ ಮಾಡಿ. ಇನ್ನೊಂದು, ಪ್ರಾಕ್ಟೀಸನ್ನ ಎವ್‌ನಿಂದ ಶುರು ಮಾಡ್ಬೇಡಿ, ಸ್ವರದಲ್ಲಿ ಮುಗಿಯೋ ಪದ ತಗೊಳ್ಳಿ. ಅನ್ನೆ ಅಂದ್ರೆ ಅಮ್ಮ, ಅನ್ನೆಯೆ ಅಮ್ಮನಿಗೆ, ಅನ್ನೆನೆ ನಿನ್ನ ಅಮ್ಮನಿಗೆ, ಅನ್ನೆಸಿನೆ ಅವನ ಅಮ್ಮನಿಗೆ, ಮೂರೂ ಬೇರೆ ಬೇರೆ ಕೇಳ್ಸುತ್ತೆ, ಅದು ಬಾಯಿಗೆ ಬಂದ್ಮೇಲೆ ಎವ್‌ಗೆ ವಾಪಸ್ ಬನ್ನಿ.