ಬಾಳೆಹಣ್ಣಿನಲ್ಲೇ ಲಸಿಕೆ ಬರುತ್ತದೆ ಎಂದಿದ್ದರಲ್ಲ, ಎಲ್ಲಿಗೆ ಬಂತು? ಹಿತ್ತಿಲಲ್ಲಿ ಬೆಳೆಯಬಹುದೇ?

ಹಿತ್ತಿಲಲ್ಲಿ ಬೆಳೆಯುವಂತಿಲ್ಲ. ಆದರೆ ತಿನ್ನುವ ಲಸಿಕೆ ಸುಳ್ಳೇನಲ್ಲ. ಅದು ತೊಡರಿಕೊಂಡಿರುವುದು ಡೋಸ್‌ನ ಲೆಕ್ಕದಲ್ಲಿ.

1998ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗ ನೋಡಿ. ಭೇದಿ ತರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ವಿಷದಲ್ಲಿ ಅಪಾಯವಿಲ್ಲದ ಒಂದು ಭಾಗವಿದೆ, ಎಲ್‌ಟಿ-ಬಿ. ಅದರ ಜೀನ್ ಸೇರಿಸಿ ಬೆಳೆದ ಆಲೂಗಡ್ಡೆಯನ್ನು 11 ಜನ 50 ಅಥವಾ 100 ಗ್ರಾಂನಂತೆ ಹಸಿಯಾಗಿಯೇ ತಿಂದರು. 10 ಜನರ ರಕ್ತದಲ್ಲಿ ಪ್ರತಿಕಾಯ (ರೋಗ ತಡೆಯಲು ದೇಹ ತಯಾರಿಸುವ ಪ್ರೋಟೀನ್) ನಾಲ್ಕು ಪಟ್ಟಾದರೂ ಏರಿತು. ಹಸಿಯೇ ಯಾಕೆಂದರೆ, ಎಲ್‌ಟಿ-ಬಿಯ ಐದು ತುಣುಕು ಉಂಗುರದಂತೆ ಕೂಡಿಕೊಂಡಿದ್ದರೆ ಮಾತ್ರ ಕರುಳಿನ ಕೋಶವನ್ನು ಹಿಡಿಯುತ್ತದೆ. ಬೇಯಿಸಿದಷ್ಟೂ ಉಂಗುರ ಕಳಚುತ್ತದೆ.

ಹಸಿ ಆಲೂಗಡ್ಡೆ ಯಾರಿಗೆ ರುಚಿಸೀತು? ಬಾಳೆಯ ಮೇಲೆ ಆಸೆ ಹುಟ್ಟಿದ್ದೇ ಹಾಗೆ. ಆದರೆ ಗೊನೆ ಬಿಡಲು ತಿಂಗಳುಗಟ್ಟಲೆ ಬೇಕು, ಹಣ್ಣಾದ ಮೇಲೆ ಇಟ್ಟರೆ ಕೆಡುತ್ತದೆ, ಒಂದೇ ಚಿಪ್ಪಿನ ಎರಡು ಹಣ್ಣಿನಲ್ಲೂ ಲಸಿಕೆಯ ಪ್ರೋಟೀನ್ ಒಂದೇ ಅಳತೆಯಲ್ಲಿ ಇರುವ ಭರವಸೆಯಿಲ್ಲ. ಕಡಿಮೆಯಾದರೆ ರಕ್ಷಣೆ ಬರುವುದಿಲ್ಲ. ಮತ್ತೆ ಮತ್ತೆ ತಿಂದರೆ ಕರುಳು ಅದನ್ನೂ ಊಟವೆಂದೇ ಬಗೆದು ಸುಮ್ಮನಾಗಬಹುದು. ಇದು ಇನ್ನೂ ಕೆಟ್ಟದ್ದು. ಹೊಲದಲ್ಲಿ ಬೆಳೆದರೆ ಬೆರಕೆಯ ಭಯ ಬೇರೆ: 2002ರಲ್ಲಿ ನೆಬ್ರಾಸ್ಕಾದಲ್ಲಿ ಪ್ರೋಡಿಜೀನ್ ಕಂಪನಿ ಔಷಧಿಗಾಗಿ ಬೆಳೆದ ಮೆಕ್ಕೆಜೋಳದ ಉದುರು ಕಾಳಿನಿಂದ ತಾನಾಗಿ ಎದ್ದ ಗಿಡಗಳು ಸೋಯಾ ಬೆಳೆಯೊಳಗೆ ಸೇರಿ, ಸರಕಾರ 2.5 ಲಕ್ಷ ಡಾಲರ್ ದಂಡ ಹಾಕಿತು.

ನನಗೆ ಸರಿ ಕಾಣುವುದು ಟೋಕಿಯೊ ವಿಶ್ವವಿದ್ಯಾಲಯದ ಮ್ಯೂಕೋರೈಸ್ ದಾರಿ. ಕಾಲರಾ ವಿಷದ ಅಪಾಯವಿಲ್ಲದ ಬಿ ಭಾಗವನ್ನು, ಅದರ ಜೀನ್ ಸೇರಿಸಿ, ಅಕ್ಕಿಕಾಳಿನೊಳಗೆ ಬರಿಸಿ, ಮುಚ್ಚಿದ ಕೋಣೆಯಲ್ಲಿ ಬೆಳೆದು, ಪುಡಿ ಮಾಡಿ ತೂಗುತ್ತಾರೆ. ಫ್ರಿಜ್ ಬೇಡ. 1, 3, 6 ಗ್ರಾಂ ಪುಡಿಯನ್ನು ದ್ರವದಲ್ಲಿ ಕದಡಿ ಎರಡು ವಾರಕ್ಕೊಮ್ಮೆ ನಾಲ್ಕು ಸಲ ಕುಡಿಸಿದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಲಸಿಕೆ ಪಡೆದ 30 ಜನರಲ್ಲಿ 11 ಮಂದಿಯಲ್ಲಿ ಪ್ರತಿಕಾಯ ಅಷ್ಟಾಗಿ ಹುಟ್ಟಲಿಲ್ಲ. ಅವರವರ ಕರುಳಿನ ಸೂಕ್ಷ್ಮಜೀವಿಗಳೊಂದಿಗೆ ಇದಕ್ಕೆ ನಂಟು ಕಂಡಿತು.

ದನಕರುಗಳ ವಿಷಯದಲ್ಲಿ ನನಗೆ ಹೆಚ್ಚು ಆಸೆಯಿದೆ, ಅವು ಮೇವನ್ನು ಬೇಯಿಸಿ ತಿನ್ನುವುದಿಲ್ಲವಲ್ಲ. ನಮ್ಮ ಬೆಂಗಳೂರಿನ ಐಐಎಸ್‌ಸಿ ವಿಜ್ಞಾನಿಗಳು ದನಗಳ ದೊಡ್ಡರೋಗದ (ರಿಂಡರ್‌ಪೆಸ್ಟ್) ವೈರಸ್ಸಿನ ಪ್ರೋಟೀನನ್ನು ಕಡಲೆಕಾಯಿ ಗಿಡದಲ್ಲಿ ಬರಿಸಿ ದನಗಳಿಗೆ ತಿನ್ನಿಸಿದ್ದರು. ಪ್ರತಿಕಾಯ ಹುಟ್ಟಿದ್ದನ್ನು 2003ರಲ್ಲೇ ವರದಿ ಮಾಡಿದ್ದಾರೆ.