ಯಾವ ಒಂದಿಂಚು?

ಪ್ರಶ್ನೆ: ತೋಟಕ್ಕೆ ಲೈನ್ ಎಳೆಸಿದಾಗ ಒಂದಿಂಚಿನ ಬೂದು ಪೈಪು ಮೂರು ಲೆಂತ್ ಉಳಿದಿತ್ತು. ಸುಮ್ನೆ ಬಿದ್ದಿದೆಯಲ್ಲ ಅಂತ ಸಂಪಿನಿಂದ ಮೇಲಿನ ಟ್ಯಾಂಕಿಗೆ ಅದನ್ನೇ ಹಾಕಿದೆ. ಅಂಗಡಿಯಿಂದ ಒಂದಿಂಚಿನ ಬಿಳಿ ಕಪ್ಲರ್, ಎಲ್ಬೋ ತಂದು ಸಲ್ಯೂಷನ್ ಹಚ್ಚಿ ಕೂರಿಸಿದೆ. ಮೋಟಾರ್ ಹಾಕಿದ ಕೂಡಲೇ ಜಾಯಿಂಟ್‌ಗಳಲ್ಲಿ ನೀರು ಜಿನುಗುತ್ತದೆ. ಮೂರು ಸಲ ಬಳಿದಿದ್ದಾಯಿತು. ಸಲ್ಯೂಷನ್ ಕಲಬೆರಕೆ ಇರಬಹುದೇ? ಇದೇ ಪೈಪನ್ನು ಸೋಲಾರ್ ಬಿಸಿನೀರಿಗೂ ಹಾಕಬಹುದೇ?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ಸಲ್ಯೂಷನ್ನನ್ನು ಬೈಯಬೇಡಿ, ಪಾಪ. ತಪ್ಪು ಅಳತೆಯದು. ಅಂಗಡಿಯಲ್ಲಿ ಮೂರು ಜಾತಿಯ ಪೈಪನ್ನೂ ‘ಒಂದಿಂಚು’ ಅಂತಲೇ ಕರೆಯುತ್ತಾರೆ. ಆದರೆ ಹೊರಗಿನ ಅಗಲ ನೋಡಿ: ತೋಟದ ಬೂದು ಪೈಪು 32 ಮಿ.ಮೀ., ಮನೆಗೆ ಹಾಕುವ ಬಿಳಿ ಯುಪಿವಿಸಿ 33.4, ಬಿಸಿನೀರಿನ ಸಿಪಿವಿಸಿ 28.6. ನೀವು 33.4ರ ಕಪ್ಲರಿಗೆ 32ರ ಪೈಪು ತೂರಿಸಿದ್ದೀರಿ. ಸಲ್ಯೂಷನ್ ಮಾಡುವ ಕೆಲಸವೇ ಬೇರೆ, ಅದು ಪೈಪಿನ ಮೈಯನ್ನೂ ಕಪ್ಲರಿನ ಒಳಮೈಯನ್ನೂ ಕರಗಿಸಿ ಒಂದಕ್ಕೊಂದು ಬೆಸೆಯುತ್ತದೆ, ಹಾಗಾಗಿ ಎರಡೂ ಒತ್ತಿಕೊಂಡು ಕೂತಿರಲೇಬೇಕು. ನಡುವೆ ಸಂದಿ ಇದ್ದರೆ ಡಬ್ಬಿಗಟ್ಟಲೆ ಸುರಿದರೂ ಅಷ್ಟೇ.

ಹಚ್ಚುವ ಮೊದಲು ಒಣಗಿದ ಹಾಗೇ ಕೂರಿಸಿ ನೋಡಿ. ಪೈಪು ಅರ್ಧದಷ್ಟು ಸಲೀಸಾಗಿ ಹೋಗಿ ಆಮೇಲೆ ಬಿಗಿ ಹಿಡಿಯಬೇಕು. ನಿಮ್ಮದು ತಳದ ತನಕ ಇಳಿದು ಲೊಡಲೊಡ ಅಲ್ಲಾಡುತ್ತಿರುತ್ತದೆ, ಅಲ್ವಾ?

ಪೈಪಿನ ಮೈಮೇಲೆ ಅಚ್ಚು ಹಾಕಿರುವುದನ್ನು ಓದಿ. ಐಎಸ್ 4985 ಅಂತಿದ್ದರೆ ಮಿ.ಮೀ. ಲೆಕ್ಕದ ಪೈಪು, ಅದಕ್ಕೆ 32 ಮಿ.ಮೀ. ಫಿಟ್ಟಿಂಗೇ ಬೇಕು. ತೋಟದ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ. ಇನ್ನೂ ಒಳ್ಳೆಯದೆಂದರೆ ಅರ್ಧ ಅಡಿ ಪೈಪಿನ ತುಂಡನ್ನು ಜೇಬಲ್ಲಿಟ್ಟುಕೊಂಡೇ ಹೋಗಿ, ಬಾಯಲ್ಲಿ ಹೇಳಿದರೆ ಮತ್ತೆ ‘ಒಂದಿಂಚು’ ಕೊಟ್ಟು ಕಳಿಸುತ್ತಾರೆ. ನಮ್ಮ ಕಡೆ ಪೈಪನ್ನು ಬೆಂಕಿಗೆ ಹಿಡಿದು ಬಾಯಿ ಅಗಲಿಸಿ ಒಂದಕ್ಕೊಂದು ತುರುಕುವ ಅಭ್ಯಾಸವೂ ಇದೆ. ತೋಟದಲ್ಲಿ ಮಾಡಿಕೊಳ್ಳಿ, ಮನೆ ಗೋಡೆಯೊಳಗೆ ಬೇಡ. ಸುಟ್ಟ ಕಡೆ ಪೈಪು ತೆಳ್ಳಗಾಗುತ್ತದೆ.

ಒಂದು ಜಾತಿಯಿಂದ ಇನ್ನೊಂದಕ್ಕೆ ದಾಟಬೇಕಾದರೆ ಥ್ರೆಡ್ ಇರುವ ಫಿಟ್ಟಿಂಗ್ ಹಾಕಿ. ಬೂದು ಪೈಪಿನ ತುದಿಗೆ ಒಳಥ್ರೆಡ್ಡಿನ ಎಫ್‌ಟಿಎ, ಆ ಕಡೆಯ ಪೈಪಿಗೆ ಹೊರಥ್ರೆಡ್ಡಿನ ಎಂಟಿಎ. ಪೈಪಿನ ಅಗಲ ಬೇರೆಯಾದರೂ ಒಂದಿಂಚಿನ ಥ್ರೆಡ್ ಎರಡರಲ್ಲೂ ಒಂದೇ. ಟೆಫ್ಲಾನ್ ಟೇಪನ್ನು ಥ್ರೆಡ್ ಬಿಗಿಯಾಗುವ ದಿಕ್ಕಿಗೇ ಸುತ್ತಿ, ಉಲ್ಟಾ ಸುತ್ತಿದರೆ ತಿರುಗಿಸುವಾಗ ಬಿಚ್ಚಿಕೊಂಡು ಬರುತ್ತದೆ. ಮೋಟಾರ್ ಹತ್ತಿರ ಒಂದು ಯೂನಿಯನ್ (ತಿರುಗಿಸಿ ಬಿಚ್ಚಿ ಮತ್ತೆ ಕೂರಿಸಬಹುದಾದ ಜಾಯಿಂಟ್) ಮರೆಯಬೇಡಿ, ಇಲ್ಲದಿದ್ದರೆ ಮೋಟಾರ್ ರಿಪೇರಿಗೆ ಬಿಚ್ಚುವಾಗಲೆಲ್ಲ ಪೈಪು ಕುಯ್ಯಬೇಕಾಗುತ್ತದೆ.

ಸೋಲಾರಿಗೆ ಬೂದು ಪೈಪು ಬೇಡವೇ ಬೇಡ, ಬಿಸಿಗೆ ಮೆತ್ತಗಾಗಿ ಜೋತುಬೀಳುತ್ತದೆ. ಅಲ್ಲಿಗೆ ಸಿಪಿವಿಸಿ, 93 ಡಿಗ್ರಿ ತನಕ ತಡೆಯುತ್ತದೆ. ಫಿಟ್ಟಿಂಗೂ ಸಲ್ಯೂಷನ್ನೂ ಸಿಪಿವಿಸಿಯದೇ ಆಗಬೇಕು.

ಪ್ರಶ್ನೆ: ಬಾತ್‌ರೂಮಿನ ನಲ್ಲಿ ಬದಲಾಯಿಸಿದಾಗಲೆಲ್ಲ ಗೋಡೆಯೊಳಗಿನ ಎಲ್ಬೋ ಸೀಳುತ್ತದೆ. ಯಾಕೆ?
– ಓದುಗರೊಬ್ಬರು, ಮುಳಬಾಗಿಲು

ಉತ್ತರ: ಬರೀ ಪ್ಲಾಸ್ಟಿಕ್ ಥ್ರೆಡ್ಡಿಗೆ ಹಿತ್ತಾಳೆ ನಲ್ಲಿ ತಿರುಗಿಸುತ್ತಿದ್ದೀರಿ, ಅದಕ್ಕೆ. ಒಳಗೆ ಹಿತ್ತಾಳೆ ಕೂರಿಸಿದ ಎಲ್ಬೋ ಸಿಗುತ್ತದೆ. ದುಡ್ಡು ಸ್ವಲ್ಪ ಜಾಸ್ತಿ, ಆದರೆ ಟೈಲ್ಸ್ ಒಡೆಸುವ ಖರ್ಚಿನ ಮುಂದೆ ಏನೂ ಅಲ್ಲ. ನಲ್ಲಿಯನ್ನು ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಪಾನಾದಲ್ಲಿ ಒಂದು ಸುತ್ತು ಸಾಕು.