ಕಾರ್ಪಲ್ ಟನಲ್‌ಗೆ ಆಪರೇಷನ್ ಬೇಕೇ ಬೇಕಾ, ಪಟ್ಟಿ ಕಟ್ಟಿಕೊಂಡರೆ ಸಾಲದಾ?

ಆರು ತಿಂಗಳಿಂದ ರಾತ್ರಿ ಕೈ ಜೋಮು ಹಿಡಿಯುತ್ತಿದೆ, ಡಾಕ್ಟರ್ ಆಪರೇಷನ್ ಅಂದಿದ್ದಾರೆ, ಭಯ ಅಂತ ಬರೆದಿದ್ದೀರಿ. ಕಾರ್ಪಲ್ ಟನಲ್ ಅಂದರೆ ಮಣಿಕಟ್ಟಿನ ಇಕ್ಕಟ್ಟು ದಾರಿಯಲ್ಲಿ ನರ ಒತ್ತಿಹೋಗುವ ತೊಂದರೆ. ನಾನು ಬ್ಲೌಸ್ ಹೊಲಿಯುವವಳು. ನನ್ನ ಬಲಗೈಗೆ ಆಪರೇಷನ್ ಆಗಿದೆ, ಎಡಗೈ ಇನ್ನೂ ಪಟ್ಟಿಯಲ್ಲೇ (ಮಣಿಕಟ್ಟು ಬಾಗದಂತೆ ನೇರ ಹಿಡಿಯುವ ಸ್ಪ್ಲಿಂಟ್) ಇದೆ. ಹಾಗಾಗಿ ಎರಡರ ರುಚಿಯೂ ಗೊತ್ತು.

ನನಗೂ ಶುರುವಾಗಿದ್ದು ರಾತ್ರಿಯೇ. ಎರಡು ಗಂಟೆಗೆ ಎದ್ದು ಕೂತು, ಒದ್ದೆ ಬಟ್ಟೆ ಕೊಡವಿದ ಹಾಗೆ ಕೈ ಕೊಡವುತ್ತಿದ್ದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟಿರುತ್ತಿದ್ದವು. ಕಿರುಬೆರಳು ಮಾತ್ರ ಆರಾಮ. ಮಣಿಕಟ್ಟಿನಲ್ಲಿ ಸಿಕ್ಕಿಕೊಳ್ಳುವ ಮೀಡಿಯನ್ ನರ ಕಿರುಬೆರಳಿಗೆ ಹೋಗುವುದೇ ಇಲ್ಲವಂತೆ. ಮನೆಯಲ್ಲಿ ವಾಯು ಅಂದರು, ಎಣ್ಣೆ ತಿಕ್ಕಿದರು. ನಾನೂ ವಿಟಮಿನ್ ಮಾತ್ರೆ ನುಂಗಿಕೊಂಡು ಒಂದು ವರ್ಷ ಸುಮ್ನೆ ಕಳೆದೆ. ತಪ್ಪು ನನ್ನದೇ. ಒಂದು ದಿನ ಹುಕ್ಸ್ ಹಾಕುವಾಗ ಸೂಜಿ ಜಾರಿತು, ಬಿದ್ದದ್ದೂ ಗೊತ್ತಾಗಲಿಲ್ಲ. ಎರಡೂ ಅಂಗೈ ಪಕ್ಕಪಕ್ಕ ಇಟ್ಟು ನೋಡಿದರೆ ಬಲಗೈ ಹೆಬ್ಬೆರಳ ಬುಡದ ಉಬ್ಬು ಇಳಿದುಹೋಗಿತ್ತು.

ಆಮೇಲೆ ನರದ ಟೆಸ್ಟ್ ಆಯಿತು. ಸಣ್ಣಗೆ ಕರೆಂಟ್ ಕೊಟ್ಟು, ನರದಲ್ಲಿ ಅದು ಎಷ್ಟು ಬೇಗ ಹೋಗುತ್ತದೆ ಅಂತ ನೋಡುತ್ತಾರೆ. ಚುರ್ ಅನ್ನುತ್ತದೆ, ಅಷ್ಟೇ. ಬಲಗೈ ಜಾಸ್ತಿ ಕೆಟ್ಟಿತ್ತು, ಎಡಗೈ ಪರವಾಗಿಲ್ಲ. ಶುಗರ್, ಥೈರಾಯ್ಡ್ ಕೂಡ ನೋಡಿದರು, ಅವೂ ಇದಕ್ಕೆ ಕಾರಣ ಆಗಬಹುದಂತೆ. ನನಗೆ ಥೈರಾಯ್ಡ್ ಸಿಕ್ಕಿತು!

ಎಡಗೈಗೆ ರಾತ್ರಿ ಪಟ್ಟಿ. ಮೊದಲ ವಾರ ಕಿರಿಕಿರಿ, ತಿಂಗಳಲ್ಲಿ ನಿದ್ದೆ ಬಂತು. ನಡುವೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು, ಆ ಮದುವೆ ಸೀಸನ್ ದಾಟಿಸಿತು, ಐದು ತಿಂಗಳಿಗೆ ಜೋಮು ವಾಪಸ್. ಶುಗರ್ ಇದ್ದವರಿಗೆ ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಶುಗರ್ ಏರುತ್ತದೆ, ಮೊದಲೇ ಹೇಳಿಬಿಡಿ.

ಬಲಗೈ ಆಪರೇಷನ್‌ಗೆ ಕೈಯಷ್ಟೇ ಮರಗಟ್ಟಿಸಿದ್ದರು. ನರದ ಮೇಲೆ ಬಿಗಿದಿರುವ ಪಟ್ಟಿಯಂಥ ಅಂಗಾಂಶವನ್ನು ಕತ್ತರಿಸಿ ಬಿಡುತ್ತಾರೆ. ಸಂಜೆಗೆ ಮನೆ. ರಾತ್ರಿಯ ಜೋಮು ಅವತ್ತೇ ಹೋಯಿತು. ಆದರೆ ಯಾರೂ ಹೇಳದ ಒಂದು ಮಾತಿದೆ: ಅಂಗೈ ಬುಡ ಊರಿದರೆ ಮೂರು ತಿಂಗಳು ನೋವು. ಚಪಾತಿ ಲಟ್ಟಿಸಲು ಆಗಲಿಲ್ಲ, ದೊಡ್ಡ ಕತ್ತರಿ ಹಿಡಿಯಲೂ ಆಗಲಿಲ್ಲ. ಇಳಿದ ಉಬ್ಬು ಪೂರ್ತಿ ಬರಲೇ ಇಲ್ಲ.

ನಿಮಗೆ ನರದ ಟೆಸ್ಟ್ ಆಗಿದೆಯಾ? ಇಲ್ಲದಿದ್ದರೆ ಮೊದಲು ಅದನ್ನು ಕೇಳಿ. ಜೋಮು ರಾತ್ರಿ ಮಾತ್ರ ಇದ್ದು, ಉಬ್ಬು ಸರಿಯಿದ್ದರೆ, ಆರು ವಾರ ಪಟ್ಟಿ ಕಟ್ಟಿ ನೋಡಲೇ ಅಂತ ಡಾಕ್ಟರನ್ನು ಕೇಳಬಹುದು ಅಲ್ವಾ? ಹಗಲೂ ಮರಗಟ್ಟಿ, ಗುಂಡಿ ಹಾಕಲು ತಡವರಿಸುತ್ತಿದ್ದರೆ ಮುಂದೂಡಬೇಡಿ. ಪಟ್ಟಿ ಕೊಳ್ಳುವಾಗ ಒಳಗೆ ತಗಡು ಇರುವುದನ್ನೇ ನೋಡಿ, ಬರೀ ಎಲಾಸ್ಟಿಕ್ ಸಾಲದು. ತಗಡು ಮೇಲಕ್ಕೆ ಬಾಗಿದ್ದರೆ ಹೊರಗೆ ತೆಗೆದು ನೇರ ಮಾಡಿಕೊಳ್ಳಿ.